ಒಬ್ಬರಿಗೊಬ್ಬರು: ಇಂಗ್ಲಿಷ್ ವ್ಯಾಕರಣದ ಒಂದು ಜೋಡಿ, ನಮ್ಮ ಓಣಿಯ ಮಾತಿನಲ್ಲಿ



ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ಸರ್ವನಾಮಗಳ ಪಾಠ ಮುಗಿಯುತ್ತ ಬಂದಾಗ, ಕೊನೆಯ ಮೂಲೆಯಲ್ಲಿ ನಾಲ್ಕು ಸಾಲಿನ ಜಾಗ ಹಿಡಿದು ಕೂತ ಒಂದು ಜೋಡಿ ಸಿಗುತ್ತದೆ. ಒಂದು ‘ಈಚ್ ಅದರ್’, ಇನ್ನೊಂದು ‘ವನ್ ಅನದರ್’. ಕನ್ನಡದಲ್ಲಿ ಇವಕ್ಕೆ ಪರಸ್ಪರ ಸರ್ವನಾಮ ಎನ್ನುತ್ತೇವೆ. ನಮ್ಮ ಶಾಲೆಗಳಲ್ಲಿ ಇವುಗಳ ಬಗ್ಗೆ ಮಕ್ಕಳ ಕಿವಿಗೆ ಬೀಳುವುದು ಒಂದೇ ಮಾತು. ಇಬ್ಬರಿದ್ದರೆ ಈಚ್ ಅದರ್, ಇಬ್ಬರಿಗಿಂತ ಹೆಚ್ಚಿದ್ದರೆ ವನ್ ಅನದರ್. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಬಿಟ್ಟ ಸ್ಥಳ ತುಂಬುತ್ತಾರೆ, ಒಂದು ಅಂಕ ಪಡೆಯುತ್ತಾರೆ. ಪಾಠ ಮುಂದೆ ಹೋಗುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಬಹಳ ಕಾಲ ಇಂಗ್ಲಿಷ್ ಕಲಿಸಿದವನಾಗಿ ನನಗೆ ಅನ್ನಿಸುವುದು ಇಷ್ಟು. ಈ ಪಾಠದಲ್ಲಿ ತೀರ ಕಡಿಮೆ ಬೆಲೆಯದನ್ನು ನಾವು ಎತ್ತಿ ಹೇಳುತ್ತೇವೆ, ಬೆಲೆಯುಳ್ಳದ್ದನ್ನು ಮುಟ್ಟುವುದೇ ಇಲ್ಲ. ಧಾರವಾಡದ ಹುಡುಗನಿಗಾಗಲಿ ಹುಬ್ಬಳ್ಳಿಯ ಹುಡುಗಿಗಾಗಲಿ ಈ ವಿಷಯ ಹೊಸದಲ್ಲ. ಐದು ವರ್ಷ ತುಂಬುವುದರೊಳಗೆ ಆ ಮಗು ಇದನ್ನು ಇಂಗ್ಲಿಷಿಗಿಂತ ಹೆಚ್ಚು ಸೂಕ್ಷ್ಮವಾಗಿ ತನ್ನ ಮಾತಿನಲ್ಲಿ ಕಲಿತಿರುತ್ತದೆ. ಆ ಕಲಿಕೆಯನ್ನು ತರಗತಿಯ ಬಾಗಿಲ ಹೊರಗೆ ಬಿಟ್ಟು ಬಾ ಎಂದು ನಾವು ಹೇಳುತ್ತಿದ್ದೇವಲ್ಲ, ಅದು ನನಗೆ ಸರಿಕಾಣುವುದಿಲ್ಲ.

ಮೊದಲು ನಮ್ಮ ಮಾತನ್ನೇ ನೋಡೋಣ. ವಿಜಯದಶಮಿಯ ಸಂಜೆ ನಮ್ಮ ಓಣಿಗಳಲ್ಲಿ ಬನ್ನಿ ಕೊಡುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನುತ್ತ ಸಣ್ಣವರು ದೊಡ್ಡವರ ಕಾಲಿಗೆ ಬೀಳುತ್ತಾರೆ, ವಾರಿಗೆಯವರು ಅಪ್ಪಿಕೊಳ್ಳುತ್ತಾರೆ. ಇದನ್ನು ಹೇಳಬೇಕಾದರೆ ‘ಜನ ಒಬ್ಬರಿಗೊಬ್ಬರು ಬನ್ನಿ ಕೊಟ್ಟರು’ ಎನ್ನುತ್ತೇವೆ. ಆ ‘ಒಬ್ಬರಿಗೊಬ್ಬರು’ ಎಂಬುದನ್ನು ಬಿಡಿಸಿ ನೋಡಿ. ಮುಂದಿನ ಅರ್ಧ ‘ಒಬ್ಬರಿಗೆ’, ಚತುರ್ಥಿ ವಿಭಕ್ತಿ. ಹಿಂದಿನ ಅರ್ಧ ‘ಒಬ್ಬರು’, ಪ್ರಥಮಾ ವಿಭಕ್ತಿ. ಪಡೆಯುವವರು ಮುಂದೆ, ಕೊಡುವವರು ಹಿಂದೆ. ಒಂದೇ ಉಸಿರಿನಲ್ಲಿ ಹೇಳುವ ಈ ಒಂದು ಪದದೊಳಗೆ ಪಡೆಯುವವರೂ ಇದ್ದಾರೆ, ಕೊಡುವವರೂ ಇದ್ದಾರೆ.

ಈಗ ಕ್ರಿಯಾಪದವನ್ನು ಬದಲಿಸಿ. ನೋಡುವುದಾದರೆ ‘ಒಬ್ಬರನ್ನೊಬ್ಬರು ನೋಡಿದರು’. ಜತೆಗೆ ಮಾತಾಡುವುದಾದರೆ ‘ಒಬ್ಬರ ಕೂಡ ಒಬ್ಬರು ಮಾತಾಡಿದರು’. ತಪ್ಪು ಹೊರಿಸುವುದಾದರೆ ‘ಒಬ್ಬರ ಮ್ಯಾಲೆ ಒಬ್ಬರು ಹಾಕಿದರು’. ಮುನಿಸಾದರೆ ‘ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ’. ಮುಂದಿನ ಅರ್ಧ ಪ್ರತಿಸಲವೂ ಕ್ರಿಯೆ ಕೇಳಿದ ವಿಭಕ್ತಿಯನ್ನು ತೊಡುತ್ತದೆ, ಹಿಂದಿನ ಅರ್ಧ ಅಲುಗಾಡದೆ ‘ಒಬ್ಬರು’ ಆಗಿಯೇ ನಿಲ್ಲುತ್ತದೆ. ಅದು ಹಾಗೆ ನಿಲ್ಲುವುದು ವಾಕ್ಯದ ಕರ್ತೃ ಪ್ರಥಮಾ ವಿಭಕ್ತಿಯಲ್ಲಿ ಇರುವುದರಿಂದ. ಕರ್ತೃವಿನ ವಿಭಕ್ತಿಯೇ ಬದಲಾದರೆ ಅದೂ ಬದಲಾಗುತ್ತದೆ. ‘ಅವರಿಬ್ಬರಿಗೂ ಒಬ್ಬರನ್ನ ಕಂಡ್ರ ಒಬ್ಬರಿಗೆ ಆಗಂಗಿಲ್ಲ’ ಎನ್ನುತ್ತೇವೆ. ಇಲ್ಲಿ ‘ಅವರಿಬ್ಬರಿಗೂ’ ಎಂಬ ಮಾತು ಚತುರ್ಥಿಯಲ್ಲಿದೆ. ಆದ್ದರಿಂದ ಜೋಡಿಯ ಹಿಂದಿನ ಅರ್ಧವೂ ‘ಒಬ್ಬರಿಗೆ’ ಎಂದು ಚತುರ್ಥಿಗೆ ಬಂತು. ಇದನ್ನು ನಮಗೆ ಯಾವ ಗುರುಗಳೂ ಕೂಡಿಸಿಕೊಂಡು ಕಲಿಸಲಿಲ್ಲ. ಕಟ್ಟೆಯ ಮೇಲೆ ಕೂತು ಓಣಿಯ ಜಗಳದ ಸುದ್ದಿ ಹೇಳುವ ಅಜ್ಜಿಯೂ ಇದನ್ನು ತಪ್ಪುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ‘ನಾವು ಒಬ್ಬರನ್ನೊಬ್ಬರು ನೋಡಿದೆವು’ ಎಂಬ ವಾಕ್ಯದಲ್ಲಿ ಕ್ರಿಯಾಪದ ‘ನೋಡಿದೆವು’. ಅದಕ್ಕೆ ತೀರ ಹತ್ತಿರದಲ್ಲಿ ಕೂತದ್ದು ‘ಒಬ್ಬರು’. ಆದರೂ ಅದು ‘ನೋಡಿದರು’ ಆಗಲಿಲ್ಲ, ವಾಕ್ಯದ ಮೊದಲಲ್ಲಿದ್ದ ‘ನಾವು’ ಎಂಬುದರ ಮಾತು ಕೇಳಿತು. ಅಣ್ಣತಮ್ಮಂದಿರ ಬಗ್ಗೆ ಹೇಳುವಾಗಲೂ ಹಾಗೆಯೇ. ‘ಅವರು ಒಬ್ಬನನ್ನೊಬ್ಬ ನೋಡಿದರು’ ಎನ್ನುತ್ತೇವೆ. ‘ಒಬ್ಬ’ ಏಕವಚನ, ‘ನೋಡಿದರು’ ಬಹುವಚನ. ಅಂದರೆ ಜೋಡಿಯ ಹಿಂದಿನ ಅರ್ಧ ಕರ್ತೃವಿನ ಅಂಗಿ ತೊಟ್ಟಿದೆ, ಕರ್ತೃವಿನ ಅಧಿಕಾರ ಅದಕ್ಕಿಲ್ಲ. ಭಾಷಾವಿಜ್ಞಾನಿ ಆರ್. ಅಮೃತವಲ್ಲಿ ಅವರು 2000ದಲ್ಲಿ ಬಂದ ದೊಡ್ಡದೊಂದು ಸಂಪುಟದಲ್ಲಿ ಕನ್ನಡದ ‘ತಾನು’, ‘ಒಬ್ಬರನ್ನೊಬ್ಬರು’ ಮೊದಲಾದ ಪದಗಳ ನಡೆಯನ್ನು ಕುರಿತೇ ಬರೆದಿದ್ದಾರೆ. ನಮ್ಮ ಮನೆಮಾತಿನ ಈ ಒಂದು ತುಣುಕನ್ನು ಜಗತ್ತಿನ ವಿದ್ವಾಂಸರು ಕೂತು ಓದುತ್ತಾರೆ. ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೂ ಅದು ತಿಳಿದಿರಬೇಕು ಎಂಬುದು ನನ್ನ ಆಸೆ.

ಲಿಂಗದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗಂಡಸರಿಬ್ಬರಾದರೆ ‘ಒಬ್ಬನನ್ನೊಬ್ಬ’, ಹೆಣ್ಣುಮಕ್ಕಳಿಬ್ಬರಾದರೆ ‘ಒಬ್ಬಳನ್ನೊಬ್ಬಳು’, ಗಂಡಹೆಂಡತಿಯಾದರೆ ‘ಒಬ್ಬರನ್ನೊಬ್ಬರು’, ಜೋಡಿ ಎತ್ತುಗಳಾದರೆ ‘ಒಂದನ್ನೊಂದು’. ಗೌರವ ಕೊಡಬೇಕಾದಲ್ಲಿ ಎಲ್ಲರಿಗೂ ‘ಒಬ್ಬರನ್ನೊಬ್ಬರು’. ಇಂಗ್ಲಿಷಿನ ಈಚ್ ಅದರ್ ಇವೆಲ್ಲಕ್ಕೂ ಒಂದೇ. ಒಂದೇ ಆಗಿರುವುದರಲ್ಲಿ ಅನುಕೂಲವೂ ಉಂಟು. ರೈತನೂ ಅವನ ಎತ್ತೂ ಪ್ರೀತಿಯಿಂದ ನೋಡಿದರು ಎಂದು ಹೇಳಬೇಕಾದರೆ ಇಂಗ್ಲಿಷಿಗೆ ತೊಡಕಿಲ್ಲ, ಕನ್ನಡಕ್ಕೆ ತೊಡಕು. ‘ಒಬ್ಬರನ್ನೊಬ್ಬರು’ ಎಂದರೆ ಎತ್ತು ಮನುಷ್ಯನಾಗುತ್ತದೆ, ‘ಒಂದನ್ನೊಂದು’ ಎಂದರೆ ರೈತ ಎತ್ತಾಗುತ್ತಾನೆ. ಅಲ್ಲಿ ನಾವು ‘ಪರಸ್ಪರ’ ಎಂಬ ಸಂಸ್ಕೃತ ಪದದ ಆಸರೆ ಪಡೆಯುತ್ತೇವೆ. ಕಾರಹುಣ್ಣಿವೆಯ ದಿನ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಾಡಿನಲ್ಲಿ ಈ ತೊಡಕು ಬರೀ ಪುಸ್ತಕದ ತೊಡಕಾಗಿ ನನಗೆ ಕಾಣುವುದಿಲ್ಲ.

ಇನ್ನು ಇಂಗ್ಲಿಷಿಗೆ ಬರೋಣ. ಇವತ್ತಿನ ಇಂಗ್ಲಿಷಿನಲ್ಲಿ ಈಚ್ ಅದರ್ ಬೇರ್ಪಡಿಸಲಾಗದ ಒಂದು ಗಟ್ಟಿ. ಹಿಂದೆ ಅದು ಹಾಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಈಚ್’ ಎಂಬುದರ ಪೂರ್ವಜ ಒಂದು ಪದ, ‘ಅದರ್’ ಎಂಬುದರ ಪೂರ್ವಜ ಇನ್ನೊಂದು ಪದ. ಮೊದಲನೆಯದು ಕರ್ತೃವಿನ ಕಡೆಗೆ, ಎರಡನೆಯದು ಕರ್ಮದ ಕಡೆಗೆ. ಎರಡಕ್ಕೂ ತಮ್ಮ ತಮ್ಮ ವಿಭಕ್ತಿ. ನಡುವೆ ಬೇಕಾದ ಪದ ಬಂದು ಕೂರಬಹುದಾಗಿತ್ತು. ಮುಂದಿನ ಶತಮಾನಗಳಲ್ಲಿಯೂ ‘ಈಚ್ ಟು ಅದರ್’ ಎಂಬಂಥ ಪ್ರಯೋಗ ಉಳಿದುಕೊಂಡಿತ್ತು. ಅಕ್ಷರಶಃ ‘ಒಬ್ಬರು ಇನ್ನೊಬ್ಬರಿಗೆ’ ಎಂದಂತೆ. ನಮ್ಮ ‘ಒಬ್ಬರಿಗೊಬ್ಬರು’ ಇದ್ದಹಾಗೆಯೇ ಅವರದೂ ಇತ್ತು. ಕರ್ಮ ಮುಂದೆ ಬಂದು ಕರ್ತೃ ಹಿಂದೆ ನಿಲ್ಲುವುದು ನಮ್ಮ ರೀತಿ, ಕರ್ತೃ ಮುಂದೆ ನಿಲ್ಲುವುದು ಅವರ ರೀತಿ, ಅಷ್ಟೇ ವ್ಯತ್ಯಾಸ. ಕಾಲ ಕಳೆದಂತೆ ಇಂಗ್ಲಿಷಿನಲ್ಲಿ ವಿಭಕ್ತಿಗಳು ಉದುರಿದವು. ಎರಡು ಪದಗಳು ಹತ್ತಿರ ಸರಿದು ಅಂಟಿಕೊಂಡವು. ನಡುವೆ ಕೂತಿದ್ದ ‘ಟು’, ‘ವಿತ್’, ‘ಫ್ರಮ್’ ಮೊದಲಾದವಕ್ಕೆ ಜಾಗವಿಲ್ಲದಂತಾಗಿ ಅವು ಜೋಡಿಯ ಮುಂದಕ್ಕೆ ಬಂದವು. ಟು ಈಚ್ ಅದರ್, ವಿತ್ ಈಚ್ ಅದರ್, ಫ್ರಮ್ ಈಚ್ ಅದರ್.

ನಮ್ಮ ಮಕ್ಕಳು ಎಡವುವುದು ಸರಿಯಾಗಿ ಇಲ್ಲಿಯೇ. ‘ದೇ ಟಾಕ್ಡ್ ಈಚ್ ಅದರ್’ ಎಂದು ಬರೆಯುತ್ತಾರೆ. ‘ದೇ ಲಿಸನ್ಡ್ ಈಚ್ ಅದರ್’ ಎಂದು ಬರೆಯುತ್ತಾರೆ. ಮೇಷ್ಟ್ರು ಕೆಂಪು ಗೆರೆ ಎಳೆದು ‘ವಿತ್’ ಅಥವಾ ‘ಟು’ ಸೇರಿಸುತ್ತಾರೆ. ಮಗುವಿಗೆ ಏಕೆ ಎಂದು ತಿಳಿಯುವುದಿಲ್ಲ. ತಿಳಿಯುವಂತೆ ಹೇಳುವುದು ಕಷ್ಟವಲ್ಲ. ‘ಒಬ್ಬರಿಗೊಬ್ಬರು’ ಎಂಬ ಪದದಲ್ಲಿ ‘ಗೆ’ ಎಲ್ಲಿದೆ ಎಂದು ಕೇಳಿ. ಪದದ ಹೊಟ್ಟೆಯೊಳಗೆ ಇದೆ ಎಂದು ಮಗು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಹೊಟ್ಟೆಯೊಳಗೆ ಜಾಗವಿಲ್ಲ, ಆದ್ದರಿಂದ ಆ ‘ಗೆ’ಯನ್ನು ಹೊರಗೆ ತೆಗೆದು ಮುಂದೆ ಇಡಬೇಕು ಎಂದು ಹೇಳಿ. ‘ಒಬ್ಬರ ಕೂಡ ಒಬ್ಬರು’ ಎಂಬುದರ ‘ಕೂಡ’ ತೆಗೆದು ಮುಂದೆ ಇಟ್ಟರೆ ‘ವಿತ್ ಈಚ್ ಅದರ್’. ‘ಒಬ್ಬರಿಂದೊಬ್ಬರು ಕಲಿತರು’ ಎಂಬುದರ ‘ಇಂದ’ ತೆಗೆದು ಮುಂದೆ ಇಟ್ಟರೆ ‘ಫ್ರಮ್ ಈಚ್ ಅದರ್’. ‘ಒಬ್ಬರನ್ನೊಬ್ಬರು’ ಎಂಬುದರ ‘ಅನ್ನು’ಗೆ ಇಂಗ್ಲಿಷಿನಲ್ಲಿ ಬೇರೆ ಪದವೇ ಇಲ್ಲ, ಹೀಗಾಗಿ ಬರೀ ‘ಈಚ್ ಅದರ್’. ಹೀಗೆ ಕಪ್ಪುಹಲಗೆಯ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್ ಬರೆದು ವಿಭಕ್ತಿಯನ್ನು ಬಣ್ಣದ ಖಡುವಿನಿಂದ ಗುರುತು ಮಾಡಿದರೆ, ಹಿಂದಿನ ಬೆಂಚಿನ ಮಗುವೂ ತಾನಾಗಿ ಮುಂದಿನ ಉದಾಹರಣೆ ಹೇಳುವುದನ್ನು ನಾನು ಕಂಡಿದ್ದೇನೆ.

2007ರಿಂದ ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅದಕ್ಕೂ ಮೊದಲು ಐದನೆಯ ತರಗತಿಯಿಂದ ಇತ್ತು. ವರ್ಷಗಳು ಹೆಚ್ಚಾದವು. ಕಲಿಸುವ ರೀತಿಯಲ್ಲಿ ಮಾತ್ರ, ಇಂಗ್ಲಿಷ್ ತಾಸಿನಲ್ಲಿ ಕನ್ನಡ ಬಾಯಿಗೆ ಬರಬಾರದು ಎಂಬ ಹಠ ಕೆಲವು ಕಡೆ ಇನ್ನೂ ಉಳಿದಿದೆ. ಮಾತಾಡುವ ಅಭ್ಯಾಸಕ್ಕೆ ಅದು ಒಳ್ಳೆಯದಿರಬಹುದು. ವ್ಯಾಕರಣದ ತಾಸಿನಲ್ಲಿ ಅದು ಮಗುವಿನ ಕೈಯ ದೀಪ ಆರಿಸಿ ದಾರಿ ಹುಡುಕು ಎಂದಂತೆ.

ಈಗ ಆ ಪ್ರಸಿದ್ಧ ನಿಯಮ. ಇಬ್ಬರಿಗೆ ಈಚ್ ಅದರ್, ಬಹಳ ಮಂದಿಗೆ ವನ್ ಅನದರ್. ಈ ನಿಯಮ ಎಲ್ಲಿಂದ ಬಂತು? ಇಂಗ್ಲಿಷ್ ಆಡುವ ಜನರ ಬಾಯಿಂದ ಬಂದದ್ದಲ್ಲ. 18ನೆಯ ಶತಮಾನದ ವ್ಯಾಕರಣಕಾರರು ಭಾಷೆಯನ್ನು ಅಚ್ಚುಕಟ್ಟು ಮಾಡಬೇಕೆಂದು ಹೊರಟಾಗ ಮಾಡಿದ ವಿಂಗಡಣೆ ಇದು. 1785ರಲ್ಲಿ ಅಶರ್ ಎಂಬುವನ ವ್ಯಾಕರಣದಲ್ಲಿ ಇದು ಆಗಲೇ ಕಾಣಿಸುತ್ತದೆ. ಮುಂದೆ ಒಬ್ಬರ ಪುಸ್ತಕದಿಂದ ಒಬ್ಬರ ಪುಸ್ತಕಕ್ಕೆ ಹರಿಯಿತು. ಆದರೆ ಅದಕ್ಕೂ ಮೊದಲು, ಅದರ ಆಮೇಲೂ, ಇಂಗ್ಲಿಷಿನ ಒಳ್ಳೆಯ ಬರಹಗಾರರು ಎರಡನ್ನೂ ಎರಡೂ ಕಡೆ ಬಳಸುತ್ತ ಬಂದಿದ್ದಾರೆ. ಇಂಗ್ಲಿಷ್ ಪ್ರಯೋಗದ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯನೆಂದು ಹೆಸರಾದ ಎಚ್. ಡಬ್ಲ್ಯು. ಫೌಲರ್ 1926ರ ತನ್ನ ಪ್ರಯೋಗಕೋಶದಲ್ಲಿ ಈ ವಿಂಗಡಣೆಯಿಂದ ಈಗ ಪ್ರಯೋಜನವೂ ಇಲ್ಲ, ಇದಕ್ಕೆ ಹಿಂದಿನ ಬಳಕೆಯ ಆಧಾರವೂ ಇಲ್ಲ ಎಂಬ ಅಭಿಪ್ರಾಯ ಕೊಟ್ಟ. 2002ರಲ್ಲಿ ಕೇಂಬ್ರಿಜ್‌ನಿಂದ ಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ಬೃಹತ್ ವ್ಯಾಕರಣವೂ ಈ ಎರಡರ ನಡುವೆ ಅರ್ಥದ ಗೋಡೆ ಕಟ್ಟುವುದಿಲ್ಲ. ಇರುವ ಭೇದವೆಂದರೆ ವನ್ ಅನದರ್ ತುಸು ಗಂಭೀರ, ಬರಹದ ಕಡೆಗೆ ವಾಲಿದ್ದು. ಈಚ್ ಅದರ್ ಎಲ್ಲ ಕಡೆ ಓಡಾಡುವಂಥದು.

ನಮ್ಮ ಭಾಗಕ್ಕೆ ಈ ನಿಯಮ ಮುಟ್ಟಿದ ದಾರಿಯೂ ತಿಳಿಯಬೇಕಾದದ್ದು. 1956ರಲ್ಲಿ ಕರ್ನಾಟಕ ಒಂದಾಗುವವರೆಗೆ ಹುಬ್ಬಳ್ಳಿ ಧಾರವಾಡಗಳು ಮುಂಬಯಿ ಆಡಳಿತದಲ್ಲಿದ್ದವು. ಶಾಲೆ, ಪುಸ್ತಕ, ಪರೀಕ್ಷೆ ಎಲ್ಲಕ್ಕೂ ಮುಂಬಯಿ ಪುಣೆಗಳ ಕಡೆ ನೋಡಬೇಕಾಗಿತ್ತು. ನೆಸ್‌ಫೀಲ್ಡ್‌ನ ವ್ಯಾಕರಣ ಓದಿದ ತಲೆಮಾರು ಒಂದಿತ್ತು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಬಂತು. ಆ ಪಿ. ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲೇ ಕೆಲಸ ಮಾಡಿದವನು, ಮುಂದೆ ‘ಬೊ ಜೆಸ್ತ್’ ಎಂಬ ಕಾದಂಬರಿ ಬರೆದು ಹೆಸರಾದವನು. ನಮ್ಮ ಎಷ್ಟೋ ಮನೆಗಳ ಮಾಡದಲ್ಲಿ ಆ ಕೆಂಪು ರಟ್ಟಿನ ಪುಸ್ತಕ ಇರುತ್ತಿತ್ತು, ಅಣ್ಣ ಓದಿದ್ದನ್ನು ತಮ್ಮ ಓದುತ್ತಿದ್ದ. ಆ ಪುಸ್ತಕವೇ ಮುಂದೆ, ಈ ಇಬ್ಬರು ಮೂವರ ನಿಯಮ ಈಗ ಬಿಗಿಯಾಗಿ ನಡೆಯುತ್ತಿಲ್ಲ, ಮೂವರು ಅಣ್ಣತಮ್ಮಂದಿರ ಜಗಳಕ್ಕೂ ಈಚ್ ಅದರ್ ಸಲ್ಲುತ್ತದೆ ಎಂದು ಒಪ್ಪಿಕೊಂಡಿತು. ಪುಸ್ತಕ ಬಿಟ್ಟುಕೊಟ್ಟದ್ದನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಕನ್ನಡದ ಮಗುವಿಗೆ ಈ ನಿಯಮ ಕೃತಕವಾಗಿ ಕಾಣುವುದು ಸಹಜ. ‘ಒಬ್ಬರಿಗೊಬ್ಬರು’ ಎಂಬುದು ಇಬ್ಬರಿಗೂ ಸರಿ, ಇಪ್ಪತ್ತು ಮಂದಿಗೂ ಸರಿ. 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಡಿ ಬಂದ ಹುಬ್ಬಳ್ಳಿ ಧಾರವಾಡಗಳ ಬಗ್ಗೆ ‘ಎರಡೂ ಊರು ಒಂದಕ್ಕೊಂದು ಆಸರೆ’ ಎನ್ನುತ್ತೇವೆ. ಬೇಂದ್ರೆ, ಗೋಕಾಕ, ಮುಗಳಿ, ಶಂಬಾ, ಎನ್ಕೆ, ಬೆಟಗೇರಿ ಕೃಷ್ಣಶರ್ಮ ಮೊದಲಾದವರಿದ್ದ ಗೆಳೆಯರ ಗುಂಪಿನ ಬಗ್ಗೆಯೂ ‘ಅವರು ಒಬ್ಬರಿಗೊಬ್ಬರು ಆಸರೆಯಾಗಿದ್ದರು’ ಎಂದೇ ಹೇಳುತ್ತೇವೆ. ಮೊದಲನೆಯದು ಎರಡು ಊರು, ಎರಡನೆಯದು ಹಲವು ಜನ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಎರಡೂ ಕಡೆ ಈಚ್ ಅದರ್ ಬರೆದರೆ ಅದು ಒಳ್ಳೆಯ ಇಂಗ್ಲಿಷೇ.

ಎಷ್ಟು ಮಂದಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ, ಅದರ ಕಡೆ ತಮ್ಮ ಗಮನ ಬೇಡುತ್ತೇನೆ. ಇಪ್ಪತ್ತು ಮನೆಗಳ ಒಂದು ಓಣಿ. ‘ಓಣಿಯ ಮನೆಯವರು ಒಬ್ಬರಿಗೊಬ್ಬರು ಬನ್ನಿ ಕೊಟ್ಟರು’ ಎಂದೆವು. ಪ್ರತಿ ಮನೆಯವರೂ ಉಳಿದ 19 ಮನೆಗಳಿಗೆ ಕೊಡಬೇಕಾದರೆ 20 ಗುಣಿಸು 19, ಒಟ್ಟು 380 ಸಲ ಬನ್ನಿ ಕೈ ಬದಲಾಗಬೇಕು. ಯಾರೋ ಮೂಲೆಯ ಮನೆಯವರು ಇನ್ನೊಂದು ತುದಿಯ ಮನೆಗೆ ಹೋಗಲಿಲ್ಲ ಎಂದುಕೊಳ್ಳಿ. ಆಗ ಆ ವಾಕ್ಯ ಸುಳ್ಳಾಯಿತೇ? ಇಲ್ಲ. ಕೇಳಿದವರು ಯಾರೂ ಲೆಕ್ಕ ಹಾಕುವುದಿಲ್ಲ. ಆದರೆ ‘ಈ ಐದು ಮಂದಿ ಒಬ್ಬರಿಗೊಬ್ಬರು ಬೀಗರು’ ಎಂದರೆ ಕೇಳುವವರ ಎಣಿಕೆ ಬಿಗಿಯಾಗುತ್ತದೆ. ಅವರಲ್ಲಿ ಯಾವ ಇಬ್ಬರನ್ನು ಹಿಡಿದರೂ ಬೀಗತನ ಇರಬೇಕು ಎಂದು ತಿಳಿಯುತ್ತೇವೆ. ಇನ್ನು ಪೇಢೆಯ ಅಂಗಡಿಗೆ ಹೋಗಿ. ‘ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ’ ಎನ್ನುತ್ತೇವೆ. ಅಲ್ಲಿ ಪರಸ್ಪರ ಎಂಬುದಕ್ಕೆ ಅರ್ಥವೇ ಇಲ್ಲ. ಮೇಲಿನ ಡಬ್ಬಿ ಕೆಳಗಿನದರ ಮೇಲಿದೆ, ಕೆಳಗಿನದು ಮೇಲಿನದರ ಮೇಲೆ ಇರಲಾರದು. ತೀರ ಕೆಳಗಿನ ಡಬ್ಬಿ ಯಾವುದರ ಮೇಲೂ ಇಲ್ಲ. ಆದರೂ ನಮ್ಮ ಭಾಷೆ ಅದೇ ಜೋಡಿಯನ್ನು ಬಳಸುತ್ತದೆ. ಇಂಗ್ಲಿಷೂ ಡಬ್ಬಿಗಳ ರಾಶಿಗೆ ‘ಆನ್ ಟಾಪ್ ಆಫ್ ಈಚ್ ಅದರ್’ ಎಂದೇ ಹೇಳುತ್ತದೆ. ಹುಬ್ಬಳ್ಳಿ ಧಾರವಾಡಗಳ ನಡುವಿನ ಚಿಗರಿ ಬಸ್ಸಿಗೆ ನಿಂತ ಸಾಲನ್ನು ನೋಡಿ ‘ಒಬ್ಬರ ಹಿಂದೊಬ್ಬರು’ ಎನ್ನುವಾಗಲೂ ಹಾಗೆಯೇ, ಮೊದಲು ನಿಂತವರು ಯಾರ ಹಿಂದೆಯೂ ಇಲ್ಲ.

ಒಂದೇ ಪದಕ್ಕೆ ಇಷ್ಟು ಬಗೆಯ ಅರ್ಥ ಹೇಗೆ ಬಂತು ಎಂಬುದನ್ನು ತರ್ಕ ಮತ್ತು ಭಾಷೆ ಎರಡೂ ಬಲ್ಲವರು ಬಹಳ ಯೋಚಿಸಿದ್ದಾರೆ. 1978ರಲ್ಲಿ ಲ್ಯಾಂಗೆಂಡೋಯನ್ ಎಂಬ ವಿದ್ವಾಂಸರು ಇದನ್ನು ಎತ್ತಿಕೊಂಡರು. 1998ರಲ್ಲಿ ಮೇರಿ ಡಾಲ್‌ರಿಂಪಲ್ ಮತ್ತು ಅವರ ಸಂಗಡಿಗರು ಒಂದು ಉತ್ತರ ಕೊಟ್ಟರು. ಸಂದರ್ಭ ಎಷ್ಟು ಬಿಗಿಯಾದ ಅರ್ಥವನ್ನು ತಾಳಿಕೊಳ್ಳಬಲ್ಲುದೋ ಅಷ್ಟು ಬಿಗಿಯಾದ ಅರ್ಥವನ್ನು ಈ ಪದ ಪಡೆಯುತ್ತದೆ ಎಂಬುದು ಅವರ ವಾದದ ತಿರುಳು. ಬೀಗತನಕ್ಕೆ ಪೂರ್ತಿ ಬಿಗಿ ಸಾಧ್ಯ, ಆದ್ದರಿಂದ ಪೂರ್ತಿ ಬಿಗಿ. ಡಬ್ಬಿಗೆ ಅದು ಸಾಧ್ಯವಿಲ್ಲ, ಆದ್ದರಿಂದ ಸಡಿಲ. ಇದು ಇಂಗ್ಲಿಷನ್ನು ಮುಂದಿಟ್ಟುಕೊಂಡು ಹೇಳಿದ ಮಾತು, ಆದರೂ ನಮ್ಮ ಓಣಿ, ನಮ್ಮ ಅಂಗಡಿ, ನಮ್ಮ ಬಸ್ ಸ್ಟ್ಯಾಂಡಿನ ಮಾತಿಗೂ ಹೊಂದುತ್ತದೆ. ವ್ಯಾಕರಣದ ತಾಸಿನಲ್ಲಿ ಇಂಥ ಒಂದು ಪ್ರಶ್ನೆಯನ್ನು ಮಕ್ಕಳ ಮುಂದೆ ಇಟ್ಟರೆ ಅವರ ತಲೆ ಹೇಗೆ ಓಡುತ್ತದೆ ಎಂಬುದನ್ನು ಶಿಕ್ಷಕರು ಒಮ್ಮೆ ನೋಡಬೇಕು.

ಮಕ್ಕಳು ಮಾಡುವ ಇನ್ನೊಂದು ತಪ್ಪಿಗೂ ಕನ್ನಡದಲ್ಲಿಯೇ ಕಾರಣವಿದೆ. ‘ದೇ ಪ್ರೇಸ್ಡ್ ದೆಮ್‌ಸೆಲ್ವ್ಸ್’ ಎಂದು ಬರೆಯುತ್ತಾರೆ, ಹೇಳಬೇಕಾದದ್ದು ‘ದೇ ಪ್ರೇಸ್ಡ್ ಈಚ್ ಅದರ್’. ಕನ್ನಡದಲ್ಲಿ ‘ಅವರಿಬ್ಬರೂ ಹೊಗಳಿಕೊಂಡರು’ ಎಂದರೆ ತಮ್ಮನ್ನು ತಾವು ಹೊಗಳಿಕೊಂಡರೋ, ಇವನು ಅವನನ್ನು ಅವನು ಇವನನ್ನು ಹೊಗಳಿದರೋ ಎಂಬುದನ್ನು ಸಂದರ್ಭ ಹೇಳಬೇಕು. ‘ಕೊಳ್ಳು’ ಎಂಬುದು ಎರಡೂ ಕೆಲಸ ಮಾಡುತ್ತದೆ. ಜರ್ಮನ್ ಭಾಷೆಯ ‘ಜಿಷ್’, ಫ್ರೆಂಚ್ ಭಾಷೆಯ ‘ಸೆ’ ಕೂಡ ಹೀಗೆ ಎರಡು ಹೊರೆ ಹೊತ್ತಿವೆ. ಇಂಗ್ಲಿಷ್ ಮಾತ್ರ ಇವನ್ನು ಕಡ್ಡಾಯವಾಗಿ ಬೇರೆ ಮಾಡುತ್ತದೆ. ‘ಹೊಗಳಿಕೊಂಡರು’ ಎಂಬ ಮಾತು ಬಾಯಿಗೆ ಬಂದಾಗ ಒಂದು ಗಳಿಗೆ ನಿಂತು, ಯಾರು ಯಾರನ್ನು ಎಂದು ಕೇಳಿಕೊ ಎಂದು ಮಗುವಿಗೆ ಹೇಳಿಕೊಟ್ಟರೆ ಸಾಕು.

ನನಗೆ ಬಹಳ ಪ್ರೀತಿಯ ಭಾಗವನ್ನು ಈಗ ಹೇಳುತ್ತೇನೆ. ಒಬ್ಬರಿಗೊಬ್ಬರು ಎಂಬ ಅರ್ಥವನ್ನು ಸರ್ವನಾಮವೇ ಹೊರಬೇಕೆಂದಿಲ್ಲ, ಕ್ರಿಯಾಪದವೂ ಹೊರಬಲ್ಲುದು. ‘ಹೊಡೆದರು’ ಎಂದರೆ ಯಾರನ್ನೋ ಹೊಡೆದರು. ‘ಹೊಡೆದಾಡಿದರು’ ಎಂದರೆ ತಮ್ಮಲ್ಲಿಯೇ. ನಮ್ಮ ಮಾತಿನಲ್ಲಿ ಬಡದಾಡೂದು, ಗುದ್ಯಾಡೂದು, ಕಚ್ಯಾಡೂದು, ಜಗ್ಯಾಡೂದು, ಬೈದಾಡೂದು. ಧಾತುವಿನ ಬೆನ್ನಿಗೆ ಒಂದು ‘ಆಡು’ ಬಂದು ಕೂತರೆ ಸಾಕು, ಸರ್ವನಾಮ ಬೇಕಿಲ್ಲ. ಅದೇ ‘ಆಡು’ ಓಡಾಡು, ತಿರುಗಾಡು, ಹಾರಾಡು ಎಂಬಲ್ಲಿ ಬೇರೆ ಕೆಲಸ ಮಾಡುತ್ತದೆ. ಅಲ್ಲಿ ಕ್ರಿಯೆ ಅತ್ತಿತ್ತ, ಮತ್ತೆ ಮತ್ತೆ ನಡೆಯುತ್ತದೆ. ಎರಡು ಅರ್ಥಕ್ಕೂ ನಂಟು ಇದ್ದಂತೆ ನನಗೆ ತೋರುತ್ತದೆ. ಹೊಡೆತ ಅತ್ತಿಂದಿತ್ತ ಇತ್ತಿಂದತ್ತ ಹೋಗುವುದೇ ಹೊಡೆದಾಟ.

ಪಾಣಿನಿ ಇದೇ ವಿಷಯಕ್ಕೆ ಕರ್ಮವ್ಯತಿಹಾರ ಎಂಬ ಚೆಂದದ ಹೆಸರಿಟ್ಟ. ಕ್ರಿಯೆಯ ಅದಲುಬದಲು ಎಂದರ್ಥ. ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ, 14ನೆಯ ಸೂತ್ರದಲ್ಲಿ, ಇಂಥ ಅರ್ಥ ಬಂದಾಗ ಕ್ರಿಯಾಪದ ಆತ್ಮನೇಪದದ ರೂಪ ಪಡೆಯುತ್ತದೆ ಎಂದು ಹೇಳಿದ. ಅದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ‘ವ್ಯತಿಲುನತೇ’. ಒಬ್ಬರು ಮಾಡಬೇಕಾದ ಕೊಯ್ಲನ್ನು ಇನ್ನೊಬ್ಬರು ಮಾಡುವುದು. ಮುಯ್ಯಾಳು ಕಟ್ಟಿಕೊಂಡು ಒಬ್ಬರ ಹೊಲದಾಗ ಒಬ್ಬರು ದುಡಿಯುವ ರೈತರ ಚಿತ್ರ ಆ ಒಂದು ಪದದಲ್ಲಿದೆ. 15ನೆಯ ಸೂತ್ರದಲ್ಲಿ ಪಾಣಿನಿ ಎರಡು ಬಗೆಯ ಧಾತುಗಳನ್ನು ಇದರಿಂದ ಹೊರಗಿಡುತ್ತಾನೆ, ಚಲನೆಯ ಧಾತುಗಳು ಮತ್ತು ಹಿಂಸೆಯ ಧಾತುಗಳು. ಕನ್ನಡದ ‘ಆಡು’ ಬಹಳ ಇಷ್ಟಪಡುವುದು ಸರಿಯಾಗಿ ಆ ಎರಡನ್ನೇ! ಓಡಾಟ, ತಿರುಗಾಟ ಒಂದು ಕಡೆ, ಹೊಡೆದಾಟ, ಬಡಿದಾಟ ಇನ್ನೊಂದು ಕಡೆ. ಎರಡು ಭಾಷೆಗಳ ಕುಲ ಬೇರೆ, ಹಾದಿ ಬೇರೆ. ಒಂದು ಬಿಟ್ಟ ಜಾಗವನ್ನೇ ಇನ್ನೊಂದು ತನ್ನದು ಮಾಡಿಕೊಂಡಿತು. 16ನೆಯ ಸೂತ್ರ, ವಾಕ್ಯದಲ್ಲಿ ‘ಇತರೇತರ’, ‘ಅನ್ಯೋನ್ಯ’ ಎಂಬ ಪದ ಇದ್ದರೆ ಕ್ರಿಯಾಪದ ಆ ರೂಪ ಪಡೆಯಬೇಕಿಲ್ಲ ಎನ್ನುತ್ತದೆ. ಸರ್ವನಾಮ ಹೇಳಿದ್ದನ್ನು ಕ್ರಿಯಾಪದ ಮತ್ತೆ ಹೇಳುವುದು ಬೇಡ ಎಂಬ ಮಿತವ್ಯಯ.

‘ಅನ್ಯೋನ್ಯ’ ಎಂಬ ಪದವನ್ನೂ ಬಿಡಿಸಿದರೆ ‘ಅನ್ಯಃ’ ಎಂಬ ಪ್ರಥಮಾ ರೂಪ ಮುಂದೆ, ಇನ್ನೊಂದು ‘ಅನ್ಯ’ ಹಿಂದೆ. ‘ಪರಸ್ಪರ’ದ ಮಧ್ಯದಲ್ಲಿ ಕೇಳುವ ಸಕಾರವೂ ‘ಪರಃ’ ಎಂಬುದರ ವಿಸರ್ಗದ ಉಳಿಕೆ. ಒಂದು ಕಾಲಕ್ಕೆ ಕರ್ತೃವೂ ಕರ್ಮವೂ ಆಗಿದ್ದ ಎರಡು ಪದಗಳು ಅಲ್ಲಿಯೂ ಬೆಸೆದು ಗಟ್ಟಿಯಾದವು, ಇಂಗ್ಲಿಷಿನ ಈಚ್ ಅದರ್ ಆದಂತೆಯೇ. ಕನ್ನಡದ ‘ಒಬ್ಬರನ್ನೊಬ್ಬರು’ ಮಾತ್ರ ಇವತ್ತಿಗೂ ತನ್ನ ಎರಡೂ ಅರ್ಧಗಳನ್ನು ಜೀವಂತ ಇಟ್ಟುಕೊಂಡಿದೆ.

ಇಂಗ್ಲಿಷಿನಲ್ಲಿಯೂ ‘ಆಡು’ವಿನಂಥ ಗುಣ ಒಳಗೇ ಇರುವ ಕ್ರಿಯಾಪದಗಳಿವೆ. ಮೀಟ್, ಮ್ಯಾರಿ, ಕ್ವಾರಲ್, ಫೈಟ್, ಹಗ್. ‘ದೇ ಮೆಟ್’ ಎಂದರೆ ಸಾಕು, ಭೇಟಿಯಾದರು. ‘ದೇ ಮ್ಯಾರೀಡ್’ ಎಂದರೆ ಸಾಕು, ಮದುವೆಯಾದರು. ಅಲ್ಲಿ ಈಚ್ ಅದರ್ ಸೇರಿಸಿದರೆ ತಪ್ಪೇನೂ ಆಗುವುದಿಲ್ಲ, ಆದರೆ ಅದು ಹೆಚ್ಚಿನ ಭಾರ. ‘ಡಿಸ್ಕಸ್’ ಎಂಬುದರ ಜತೆ ಮಾತ್ರ ಎಚ್ಚರ ಬೇಕು. ನಾವು ‘ಒಬ್ಬರ ಕೂಡ ಒಬ್ಬರು ಚರ್ಚೆ ಮಾಡಿದರು’ ಎನ್ನುವುದರಿಂದ ಮಕ್ಕಳು ‘ದೇ ಡಿಸ್ಕಸ್ಡ್ ವಿತ್ ಈಚ್ ಅದರ್’ ಎಂದು ಬರೆದು ನಿಲ್ಲಿಸುತ್ತಾರೆ. ಏನನ್ನು ಚರ್ಚಿಸಿದರು ಎಂಬುದು ಇಂಗ್ಲಿಷಿಗೆ ಬೇಕೇ ಬೇಕು. ‘ದೇ ಡಿಸ್ಕಸ್ಡ್ ದ ಮ್ಯಾಟರ್ ವಿತ್ ಈಚ್ ಅದರ್’ ಎಂದು ವಿಷಯವನ್ನು ಹೇಳಿದ ಮೇಲೆ ವಾಕ್ಯ ಸರಿಯಾಗುತ್ತದೆ.

ಸ್ವಂತದ ಮಾತು ಬಂದಾಗ, ಅಂದರೆ ‘ಒಬ್ಬರ ಮನಿಗೆ ಒಬ್ಬರು ಹೋದರು’ ಎನ್ನುವಾಗ, ಇಂಗ್ಲಿಷಿನಲ್ಲಿ ‘ಈಚ್ ಅದರ್ಸ್’. ಇಲ್ಲಿ ಅಪಾಸ್ಟ್ರಫಿ ಯಾವಾಗಲೂ ಎಸ್ ಅಕ್ಷರದ ಮುಂಚೆ, ಎಷ್ಟೇ ಜನರಿದ್ದರೂ. ನಮ್ಮ ‘ಒಬ್ಬರ’ ಎಂಬುದು ಎಷ್ಟು ಜನರಿದ್ದರೂ ‘ಒಬ್ಬರ’ ಆಗಿಯೇ ಉಳಿಯುವಂತೆ ಎಂದು ಹೇಳಿಕೊಟ್ಟರೆ ಮಗು ಮರೆಯುವುದಿಲ್ಲ.

ಪರೀಕ್ಷೆಗೆ ಕೂರುವ ಮಕ್ಕಳಿಗೆ ನನ್ನ ಮಾತು ಇಷ್ಟು. ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ಕೊಟ್ಟಿದ್ದರೆ ಇಬ್ಬರಿಗೆ ಈಚ್ ಅದರ್, ಹೆಚ್ಚು ಜನರಿಗೆ ವನ್ ಅನದರ್ ಬರೆಯಿರಿ, ಅಂಕ ಕಳೆದುಕೊಳ್ಳುವುದು ಬೇಡ. ಪತ್ರ, ಪ್ರಬಂಧ ಬರೆಯುವಾಗ ಕಿವಿಗೆ ಹಿತವಾದದ್ದನ್ನು ಬರೆಯಿರಿ, ಮುಂದೆ ‘ಟು’ ಬೇಕೋ ‘ವಿತ್’ ಬೇಕೋ ಎಂಬುದನ್ನು ಮಾತ್ರ ಕನ್ನಡದ ವಿಭಕ್ತಿಯನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಪ್ರಶ್ನೆ ತೆಗೆಯುವ, ಉತ್ತರ ತಿದ್ದುವ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮೂವರು ಗೆಳೆಯರ ಬಗ್ಗೆ ಈಚ್ ಅದರ್ ಎಂದು ಬರೆದ ಮಗುವಿಗೆ ಕೆಂಪು ಗೆರೆ ಎಳೆಯಬೇಡಿ, ‘ಟಾಕ್ಡ್ ಈಚ್ ಅದರ್’ ಎಂದು ಬರೆದ ಮಗುವನ್ನು ಹತ್ತಿರ ಕರೆದು ‘ಒಬ್ಬರ ಕೂಡ ಒಬ್ಬರು’ ಎಂದು ಕನ್ನಡದಲ್ಲಿ ಬರೆಯಿಸಿ, ಅದರೊಳಗಿನ ‘ಕೂಡ’ ಎಲ್ಲಿದೆ ಎಂದು ಕೇಳಿ.